ಶಾಲೆಯ ಗೇಟಿನ ಬಳಿಯ ಆತಂಕ: ಆಟಿಸಂ ಇರುವ ನಾಲ್ಕು ವರ್ಷದ ಮಗುವಿಗೆ ನೀವೇನು ಮಾಡಿದಿರಿ?

ತುಮಕೂರಿನ ತಾಯಿ:
ನಮ್ಮ ಮಗನಿಗೆ ನಾಲ್ಕು ತುಂಬಿದೆ. ಆಟಿಸಂ ಇದೆಯೆಂದು ಕಳೆದ ವರ್ಷ ತಿಳಿಯಿತು. ಮಾತು ಇನ್ನೂ ಒಂಟಿ ಪದಗಳಲ್ಲಿದೆ. ಎಲ್‌ಕೆಜಿಯ ಗೇಟು ಕಂಡೊಡನೆ ನೆಲಕ್ಕೆ ಬೀಳುತ್ತಾನೆ, ಬೆಲ್ ಹೊಡೆದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ಅತ್ತೆಯವರು ಹಠ ಎನ್ನುತ್ತಾರೆ, ಥೆರಪಿಸ್ಟ್ ಆತಂಕ ಎನ್ನುತ್ತಾರೆ. ಒಂದು ವರ್ಷ ಶಾಲೆ ಬಿಡಿಸುವುದೇ, ಕಳಿಸುತ್ತಲೇ ಅಭ್ಯಾಸ ಮಾಡಿಸುವುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೈಸೂರಿನ ತಾಯಿ:
ನನ್ನ ಮಗಳ ವಿಷಯವನ್ನಷ್ಟೇ ಹೇಳಬಲ್ಲೆ. ಬೆಂಗಳೂರಿನಲ್ಲಿದ್ದಾಗ ಒಂದು ಖಾಸಗಿ ಕೇಂದ್ರದಲ್ಲಿ ಮುಕ್ಕಾಲು ಗಂಟೆಯ ಓಟಿಗೆ (ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಚಿಕಿತ್ಸೆ) 900 ರೂಪಾಯಿಯಂತೆ, ತಿಂಗಳಿಗೆ 12 ಸೆಷನ್‌ಗಳ ಲೆಕ್ಕದಲ್ಲಿ, ಮೂರು ತಿಂಗಳ ಮುಂಗಡ 32,400 ರೂಪಾಯಿ ಕಟ್ಟಿಸಿಕೊಂಡರು. ಮಗಳು ಒಳಗೆ ಅಳುವುದು, ನಾವು ಹೊರಗೆ ಕುಳಿತು ಕೇಳುವುದು, ಇಷ್ಟೇ ನಡೆದದ್ದು. ಬಿಡಿಸುತ್ತೇವೆ ಎಂದಾಗ ಒಂದು ರೂಪಾಯಿಯೂ ಹಿಂದಿರುಗಲಿಲ್ಲ. ಮೈಸೂರಿಗೆ ಬಂದ ಮೇಲೆ ಸಿಕ್ಕಿದ ಥೆರಪಿಸ್ಟ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಸಿದರು. ಮುಂದೇನಾಗುತ್ತದೆ ಎಂದು ತಿಳಿಯದಿರುವುದೇ ಈ ಮಕ್ಕಳ ಭಯಕ್ಕೆ ದೊಡ್ಡ ಕಾರಣ ಎಂದು ನನಗೆ ಮನದಟ್ಟಾದದ್ದು ಆಗಲೇ.

ಮನೆಯ ಬಾಗಿಲು, ಸ್ಕೂಟರ್, ಗೇಟು, ಚಪ್ಪಲಿ ಗೂಡು, ಆಯಾ ಅವರ ಮುಖ, ಊಟದ ಡಬ್ಬಿ, ಕೊನೆಗೆ ಮತ್ತೆ ಸ್ಕೂಟರ್: ಇವುಗಳ ಫೋಟೋಗಳನ್ನು ಸಾಲಾಗಿ ವೆಲ್ಕ್ರೋದಿಂದ ಅಂಟಿಸಿ, ಒಂದೊಂದು ಮುಗಿದಂತೆ ಅವಳೇ ಕಿತ್ತು ಡಬ್ಬಿಗೆ ಹಾಕುವಂತೆ ಮಾಡಿದೆವು. ಆ ಕೊನೆಯ ಸ್ಕೂಟರ್ ಇಲ್ಲದಿದ್ದರೆ ಇಡೀ ಪಟ್ಟಿ ವ್ಯರ್ಥ, ಏಕೆಂದರೆ ಅಮ್ಮ ಮರಳಿ ಬರುತ್ತಾಳೆ ಎಂಬುದನ್ನು ಹೇಳುವ ಫೋಟೋ ಅದೊಂದೇ. ಲ್ಯಾಮಿನೇಷನ್ ಯಂತ್ರಕ್ಕೆ 2,300 ರೂಪಾಯಿ, ವೆಲ್ಕ್ರೋಗೆ 180. ಎಲ್ಲವೂ ಕೂಡಿಬರುವಷ್ಟರಲ್ಲಿ ಆಯಾ ರಜೆ ಹಾಕಿದರು, ಮಗಳು ಮತ್ತೆ ಗೇಟಿನಲ್ಲೇ ಕುಸಿದಳು. ಆಮೇಲೆ ಪ್ರಶ್ನೆಚಿಹ್ನೆಯ ಕಾರ್ಡೊಂದನ್ನು ಸೇರಿಸಿ, ಅದನ್ನು ಮೊದಲು ಹಿತವಾದ ಬದಲಾವಣೆಗಳಿಗೆ, ಅಂದರೆ ಇದ್ದಕ್ಕಿದ್ದಂತೆ ಚಕ್ಕುಲಿ ಸಿಗುವುದಕ್ಕೋ ಉದ್ಯಾನಕ್ಕೆ ಹೋಗುವುದಕ್ಕೋ ಮಾತ್ರ ಬಳಸಿದೆವು. ಈಗ ಆ ಕಾರ್ಡು ಕಂಡರೆ ಅವಳು ಹೆದರುವುದಿಲ್ಲ.

ಹುಬ್ಬಳ್ಳಿಯ ತಂದೆ:
ಮೈಸೂರಿನ ಅಕ್ಕನವರ ಪಟ್ಟಿ ಚೆನ್ನಾಗಿದೆ, ಆದರೆ ಶಾಲೆಯ ಬೆಲ್ ಫೋಟೋ ತೋರಿಸಿದರೆ ಮೆತ್ತಗಾಗುವುದಿಲ್ಲ. ನಮ್ಮ ಮಗನಿಗೆ ಕುಕ್ಕರ್ ಸೀಟಿ, ಮಿಕ್ಸಿ, ಬೆಲ್ ಮೂರೂ ಆಗುತ್ತಿರಲಿಲ್ಲ. ಸದ್ದು ತಡೆಯುವ ಹೆಡ್‌ಫೋನ್ ಕೊಂಡೆವು: 650 ರೂಪಾಯಿಯದು ಮುರಿಯಿತು, 1,450ರದ್ದು ಬಿಗಿಯಾಯಿತು, 2,800ರದ್ದು ಹಿಡಿಸಿತು. ಎಷ್ಟು ಹಿಡಿಸಿತೆಂದರೆ ಸ್ನಾನಕ್ಕೂ ತೆಗೆಯಗೊಡಲಿಲ್ಲ, ಅದನ್ನು ತೆಗೆದಾಗ ಪಕ್ಕದ ಮನೆಯ ಸೀಟಿಗೂ ಚೀರತೊಡಗಿದ. ಗದ್ದಲವಿರುವಾಗ ಮಾತ್ರ ಹಾಕಿ, ದಿನವಿಡೀ ಬೇಡ ಎಂದು ಓಟಿಯವರು ಹೇಳಿದರು. ಬಳಿಕ ಬೆಲ್ಲಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿಯೂ ಕೇಳದಷ್ಟು ಸಣ್ಣದಾಗಿ, ಅವನು ಅವಲಕ್ಕಿ ತಿನ್ನುವಾಗ ಹಾಕಿದೆವು. ಗುಂಡಿ ಒತ್ತುವವನೂ ಅವನೇ, ನಿಲ್ಲಿಸುವವನೂ ಅವನೇ. ದೀಪಾವಳಿ ಬಂದು ಎಲ್ಲವನ್ನೂ ಕೆಡಿಸಿತು, ಮೊದಲಿನಿಂದ ಆರಂಭಿಸಿದೆವು. ನಾವಿಬ್ಬರೂ ನೌಕರಿಗೆ ಹೋಗುವವರು. ಮನೆಯಲ್ಲೇ ಇದ್ದು ಫೋಟೋ ಅಂಟಿಸುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ.

ಮೈಸೂರಿನ ತಾಯಿ:
ಪುರುಸೊತ್ತಿನ ಮಾತು ಬೇಡ ಅಣ್ಣನವರೇ. ನಾನು ಮನೆಯಲ್ಲಿರುವುದು ಉದ್ಯೋಗ ಬಿಟ್ಟುದರಿಂದ, ಆ ಸಂಬಳವನ್ನು ಖರ್ಚಿನ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಹೆದರಿದ ಮಗುವಿಗೆ ಹೆದರಿಸಿದ ಸದ್ದನ್ನೇ ಕೇಳಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಹುಬ್ಬಳ್ಳಿಯ ತಂದೆ:
ಗುಂಡಿ ಅವನ ಕೈಯಲ್ಲಿತ್ತು ಎಂದು ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮಂಗಳೂರಿನ ತಾಯಿ:
ಯಾರೂ ಆಹಾರದ ಮಾತೆತ್ತಲಿಲ್ಲವೇಕೆ? ನಾವು ಗೋಧಿ, ಹಾಲು ಎರಡನ್ನೂ ನಿಲ್ಲಿಸಿದೆವು. ಬಾದಾಮಿ ಹಾಲು, ಬೇರೆ ಹಿಟ್ಟು, ಬಿಸ್ಕತ್ತು ಸೇರಿ ತಿಂಗಳಿಗೆ 6,000 ರೂಪಾಯಿ ದಾಟುತ್ತದೆ, ಆದರೂ ನಮ್ಮ ಮಗ ಶಾಂತನಾಗಿದ್ದಾನೆ.

ಶಿವಮೊಗ್ಗದ ಅಜ್ಜ, ನಿವೃತ್ತ ಶಿಕ್ಷಕ:
ತಾಯಿ, ಆ ಪಥ್ಯದಿಂದ ಆತಂಕ ಇಳಿಯುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಮೊದಲೇ ನಾಲ್ಕೈದು ಪದಾರ್ಥಗಳನ್ನಷ್ಟೇ ತಿನ್ನುತ್ತಿದ್ದ ನಮ್ಮ ಮೊಮ್ಮಗ ಹಾಲು ನಿಲ್ಲಿಸಿದ ಮೇಲೆ ತೂಕ ಕಳೆದುಕೊಂಡ. ಅವನಿಗಿದ್ದದ್ದು ಮಲಬದ್ಧತೆ, ಹೊಟ್ಟೆನೋವನ್ನು ಹೇಳಲಾರದೆ ಶಾಲೆಯಲ್ಲಿ ಗೋಡೆಗೆ ತಲೆ ಬಡಿಯುತ್ತಿದ್ದ, ಮಕ್ಕಳ ವೈದ್ಯರು ಅದಕ್ಕೆ ಔಷಧಿ ಕೊಟ್ಟ ಮೇಲೆ ಬಡಿಯುವುದು ಕಡಿಮೆಯಾಯಿತು. ಇನ್ನು ಶಾಲೆಯವರ ವಿಷಯ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಅವರು ಹೊಂದಿಕೊಳ್ಳಲೇಬೇಕು.

ಮಂಗಳೂರಿನ ತಾಯಿ:
ನಿಮ್ಮ ಮೊಮ್ಮಗನ ಹೊಟ್ಟೆಯಿಂದ ನನ್ನ ಮಗನ ಹೊಟ್ಟೆಯನ್ನು ಅಳೆಯಬೇಡಿ.

ಹುಬ್ಬಳ್ಳಿಯ ತಂದೆ:
ಹಿರಿಯರು ಕಾಯ್ದೆಯನ್ನು ಇನ್ನೊಮ್ಮೆ ಓದಬೇಕು. ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಅದರಲ್ಲಿರುವುದು 6ರಿಂದ 18 ವರ್ಷದವರಿಗೆ, ಅದೂ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ. ನಾಲ್ಕು ವರ್ಷದ ಮಗುವಿನ ತಾಯಿ ಅದನ್ನು ಹಿಡಿದು ಎಲ್‌ಕೆಜಿಗೆ ಹೋದರೆ ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ. ನಾನು ಕಾಯ್ದೆ ತೋರಿಸಲಿಲ್ಲ. ಬೆಲ್ ಹೊಡೆದು ಹತ್ತು ನಿಮಿಷದ ಮೇಲೆ ಒಳಗೆ ಬಿಡಿ ಎಂದು ಕೇಳಿಕೊಂಡೆ, ಒಪ್ಪಿದರು.

ಶಿವಮೊಗ್ಗದ ಅಜ್ಜ:
ಕೇಳಿಕೊಂಡದ್ದರಿಂದಲೇ ಶಾಲೆಗಳು ಈ ಸ್ಥಿತಿಗೆ ಬಂದಿವೆ. ಮಾನ್ಯತೆ ಪಡೆದ ಸಂಸ್ಥೆಯು ತಾರತಮ್ಯವಿಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ ಮಾತೂ ಅದೇ ಕಾಯ್ದೆಯಲ್ಲಿದೆ, ಅದನ್ನು ನೀವು ಓದಿಲ್ಲ.

ತುಮಕೂರಿನ ತಾಯಿ:
ಎಲ್ಲರಿಗೂ ಧನ್ಯವಾದಗಳು. ಆದರೆ ಶಾಲೆ ಬಿಡಿಸಿದವರು ಯಾರಾದರೂ ಇದ್ದಾರೆಯೇ?

ಮೈಸೂರಿನ ತಾಯಿ:
ಬಿಡಿಸಲಿಲ್ಲ, ಹೊತ್ತನ್ನು ಇಳಿಸಿದೆವು. ಮೊದಲು ಅರ್ಧ ಗಂಟೆ, ಅಳುವ ಮುನ್ನವೇ ಕರೆತರುವುದು; ಅದು ಸಲೀಸಾದ ಮೇಲೆ ಊಟದ ಹೊತ್ತಿನವರೆಗೆ. ಪೂರ್ತಿ ಬಿಡಿಸಿದರೆ ಮರಳಿ ಹೋಗುವುದು ಇನ್ನೂ ಕಷ್ಟ ಎಂದು ಥೆರಪಿಸ್ಟ್ ಎಚ್ಚರಿಸಿದ್ದರು. ಅರ್ಧ ಗಂಟೆಗೂ ಶಾಲೆಯವರು ಪೂರ್ತಿ ಫೀಸು ತೆಗೆದುಕೊಂಡರು, ವ್ಯಾನಿನ 1,100 ರೂಪಾಯಿಯನ್ನೂ ಬಿಡಲಿಲ್ಲ, ಮಗಳು ವ್ಯಾನು ಹತ್ತಿದವಳೇ ಅಲ್ಲ. ಕೇಳಿಕೊಳ್ಳುವುದನ್ನು ಬಲ್ಲ ಹುಬ್ಬಳ್ಳಿಯವರು ಅದನ್ನು ಹೇಗೆ ವಾಪಸು ಪಡೆಯುವುದೆಂದು ತಿಳಿಸಲಿ.