ದಾಸವಾಳದ ಚಹಾ ಕುಡಿದರೆ ರಕ್ತದೊತ್ತಡ ಇಳಿಯುತ್ತದೆಯೇ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ)

ನನ್ನ ಅಮ್ಮನಿಗೆ 68 ವರ್ಷ. ಹಲವು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ದಾಸವಾಳದ ಚಹಾದಿಂದ ಒತ್ತಡ ಇಳಿಯುತ್ತದೆ ಎಂಬ ವೀಡಿಯೊ ಒಂದನ್ನು ಮೊಬೈಲಿನಲ್ಲಿ ನೋಡಿದ ಮೇಲೆ, ಬೆಳಗ್ಗೆ ದೇವರ ಪೂಜೆಗೆ ಹೂ ಕೊಯ್ಯುವಾಗಲೇ ಐದಾರು ಕೆಂಪು ದಾಸವಾಳವನ್ನು ಬೇರೆ ತೆಗೆದಿಟ್ಟು, ಎಸಳನ್ನು ಕುದಿಸಿ ಕುಡಿಯತೊಡಗಿದ್ದಾರೆ. ಕುಡಿಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಇನ್ನು ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡರೆ ಸಾಕು ಎನ್ನುತ್ತಿದ್ದಾರೆ. ನನ್ನ ಆತಂಕ ಅದು. ಶಂಖಪುಷ್ಪದ ಚಹಾವನ್ನೂ ಆರಂಭಿಸುವ ಯೋಚನೆಯಲ್ಲಿದ್ದಾರೆ. ಈ ಹೂಗಳ ಗುಣದ ಬಗ್ಗೆ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಮಂಜೇಶ್ವರದಿಂದ)

ಸಸ್ಯಶಾಸ್ತ್ರ ಕಲಿಸಿದವನಾದ್ದರಿಂದ ಹೂವಿನ ಗುರುತಿನಿಂದಲೇ ಆರಂಭಿಸುತ್ತೇನೆ. ವೀಡಿಯೊಗಳಲ್ಲಿ ಹೊಗಳುವ ‘ಹಿಬಿಸ್ಕಸ್ ಟೀ’ ನಮ್ಮ ಬೇಲಿಯ ದಾಸವಾಳದ್ದಲ್ಲ. ಅದು ಅದೇ ಕುಲದ ಇನ್ನೊಂದು ಗಿಡ, ಹಿಬಿಸ್ಕಸ್ ಸಬ್ದಾರಿಫ. ಉತ್ತರ ಕರ್ನಾಟಕದವರು ಪುಂಡಿ ಎಂದು ಪಲ್ಯ ಮಾಡುವ, ತೆಲುಗರು ಗೋಂಗೂರ ಎನ್ನುವ, ಮಲಯಾಳಿಗಳು ಮತ್ತಿಪ್ಪುಳಿ ಎಂದು ಕರೆಯುವ ಹುಳಿ ಗಿಡ. ಹೂ ಬಾಡಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ದಪ್ಪಗಾಗುವ ಅದರ ಕೆಂಪು ಹೊರದಳವನ್ನು ಒಣಗಿಸಿ ಚಹಾಕ್ಕೆ ಬಳಸುತ್ತಾರೆ. ನಾಲಿಗೆಗಿಟ್ಟರೆ ಪುನರ್ಪುಳಿಯಂಥ ಹುಳಿ. ನಮ್ಮ ದಾಸವಾಳದ ಎಸಳಾದರೋ ಸಪ್ಪೆ, ಬೆರಳಿನಲ್ಲಿ ಉಜ್ಜಿದರೆ ಲೋಳೆ.

ಆ ಪುಂಡಿಯ ಚಹಾಕ್ಕೆ ಗುಣವಿಲ್ಲವೆಂದಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 65 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ ಮೂರು ಬಾರಿ 240 ಮಿಲಿಲೀಟರಿನಂತೆ 6 ವಾರ ಇದನ್ನು ಕೊಟ್ಟಾಗ ಮೇಲಿನ ಒತ್ತಡ ಸರಾಸರಿ 7.2 ಅಂಕ ಇಳಿಯಿತು. ಬಣ್ಣ ರುಚಿಗಳಲ್ಲಿ ಅದನ್ನೇ ಹೋಲುವ ಬೇರೆ ಪಾನೀಯ ಕುಡಿದವರಲ್ಲಿ ಇಳಿದದ್ದು 1.3 ಮಾತ್ರ. ಇದು ಸಣ್ಣ ಲಾಭವೇನಲ್ಲ. ಆದರೆ ಅವರೆಲ್ಲ ಒತ್ತಡ ತುಸುವೇ ಹೆಚ್ಚಿದ್ದು ಮಾತ್ರೆ ಆರಂಭಿಸದವರು ಎಂಬುದನ್ನು ನಿಮ್ಮ ಅಮ್ಮನಿಗೆ ಓದಿ ಹೇಳಿ. ಮಾತ್ರೆ ತೆಗೆದುಕೊಳ್ಳುವವರು ಇದನ್ನೂ ಕುಡಿದರೆ ಒತ್ತಡ ಬೇಕಾದ್ದಕ್ಕಿಂತ ಕೆಳಗಿಳಿದು ತಲೆ ತಿರುಗಬಹುದು. ಮಾತ್ರೆಯ ಪ್ರಮಾಣವನ್ನು ಬದಲಿಸಬೇಕಾದವರು ವೈದ್ಯರು ಮಾತ್ರ.

ಉತ್ತರ (ಪೆರ್ಲದಿಂದ)

ಶಂಖಪುಷ್ಪವನ್ನು ನಾನು ಎರಡು ವರ್ಷಗಳಿಂದ ಕುಡಿಯುತ್ತಿದ್ದೇನೆ. ಏಳೆಂಟು ಹೂಗಳ ಹಸಿರು ತೊಟ್ಟು ತೆಗೆದು, ಒಳಗೆ ಇರುವೆ ಇಲ್ಲವೆಂದು ನೋಡಿ, ಒಲೆಯಿಂದ ಇಳಿಸಿದ ಬಿಸಿನೀರಿಗೆ ಹಾಕಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ನೀರು ಕಡುನೀಲಿಯಾಗುತ್ತದೆ. ನಿಂಬೆರಸ ನಾಲ್ಕು ಹನಿ ಬಿದ್ದ ಕೂಡಲೇ ನೇರಳೆಗೆ ತಿರುಗುತ್ತದೆ. ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಳಿಗೆ ಬಣ್ಣ ಬದಲಿಸುವುದರಿಂದ ಹೀಗಾಗುತ್ತದೆ. ನನಗೆ ಸಿಕ್ಕಿದ ನಿಜವಾದ ಪ್ರಯೋಜನವೆಂದರೆ, ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆ ಹಾಕಿ ಕುಡಿಯುತ್ತಿದ್ದ ಚಹಾ ಈಗ ಒಂದೇ ಸಲಕ್ಕೆ ಇಳಿದಿದೆ. ಚಹಾಪುಡಿ ಸೇರದ ಹೂವಿನ ನೀರಿನಲ್ಲಿ ಕೆಫೀನ್ ಇಲ್ಲದ್ದರಿಂದ ಸಂಜೆ ಕುಡಿದರೂ ನಿದ್ದೆ ಕೆಡುವುದಿಲ್ಲ. ಇದಕ್ಕಿಂತ ಹೆಚ್ಚಿನದನ್ನು ನಾನು ಈ ಹೂವಿನಿಂದ ನಿರೀಕ್ಷಿಸುವುದಿಲ್ಲ.

ಉತ್ತರ (ಮುಳ್ಳೇರಿಯದಿಂದ)

ಹೂವಿನ ಗುರುತಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕನ್ನಡದಲ್ಲಿ ಅರಳಿ ಎಂದರೆ ಅಶ್ವತ್ಥ. ಮಲಯಾಳದಲ್ಲಿ ಅದೇ ಹೆಸರು ಕಣಗಿಲೆಗೆ, ಅಂದರೆ ಹೃದಯಕ್ಕೆ ನೇರವಾಗಿ ತಾಗುವ ವಿಷದ ಗಿಡಕ್ಕೆ. 2024ರ ಮೇ ತಿಂಗಳಿನಲ್ಲಿ ಕೇರಳದ ದೇವಸ್ಥಾನಗಳ ಆಡಳಿತ ನೋಡುವ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂ ಬೇಡವೆಂದು ನಿರ್ಧರಿಸಿದ್ದು ಆ ಕಾರಣಕ್ಕೆ. ಎರಡು ಭಾಷೆಗಳ ನಡುವೆ ಬದುಕುವ ನಾವು ಬರೀ ಹೆಸರು ಕೇಳಿ ಯಾವ ಹೂವನ್ನೂ ನೀರಿಗೆ ಹಾಕಬಾರದು; ಗಿಡವನ್ನು ಕಣ್ಣಾರೆ ಕಂಡು ಗುರುತಿಸಿರಬೇಕು.

ಇನ್ನೊಂದು, ದಾಸವಾಳದ ಬೇಲಿ ಅಡಿಕೆ ತೋಟದ ಅಂಚಿನಲ್ಲಿದೆಯೇ? ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಮದ್ದು ಬಿಡುವಾಗ ಮರದ ತುದಿಯಿಂದ ಹಾರುವ ಹನಿಗಳು ಬೇಲಿಯ ಮೇಲೂ ಬಿದ್ದು, ಒಣಗಿದ ಮೇಲೆ ಎಲೆಯಲ್ಲಿ ತಿಳಿನೀಲಿ ಕಲೆಯಾಗಿ ಉಳಿಯುತ್ತವೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತವನ್ನು ಕಂಡ ಊರಿನವರು ನಾವು. ಕುಡಿಯುವ ಹೂವಿಗೆ ಏನು ಬಿದ್ದಿದೆಯೆಂದು ನಾವಲ್ಲದೆ ಯಾರು ನೋಡಬೇಕು? ಪೇಟೆಯ ಗುಲಾಬಿ, ಸೇವಂತಿಗೆಗಳನ್ನಂತೂ ಚಹಾಕ್ಕೆ ಬಳಸಲೇಬೇಡಿ. ಅವನ್ನು ಬೆಳೆಯುವುದು ಮುಡಿಯುವುದಕ್ಕೆ, ತಿನ್ನುವುದಕ್ಕಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮಂಜೇಶ್ವರದವರ ಉತ್ತರವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮಾತ್ರೆಯನ್ನು ಪ್ರತಿದಿನವೂ ತೆಗೆದುಕೊಳ್ಳಲು ಒಪ್ಪಿದ್ದಾರೆ, ಮುಂದಿನ ವಾರ ವೈದ್ಯರನ್ನೂ ಕಾಣಲಿದ್ದೇವೆ. ಸಂಜೆ ಬೇಲಿಯ ಬಳಿ ಹೋಗಿ ನೋಡಿದಾಗ ತೋಟದ ಕಡೆಯ ಎಲೆಗಳಲ್ಲಿ ಆ ನೀಲಿ ಕಲೆಗಳು ಇದ್ದೇ ಇದ್ದವು. ಇನ್ನು ಮುಂದೆ ಆ ಹೂ ಪೂಜೆಗೆ ಮಾತ್ರ. ಪುಂಡಿಯ ಬೀಜ ಇರುವವರು ತಿಳಿಸಿದರೆ ಬಂದು ಒಯ್ಯುತ್ತೇನೆ. ಬಾವಿಕಟ್ಟೆಯ ಪಕ್ಕ, ತೋಟದಿಂದ ದೂರದಲ್ಲಿ, ಅಮ್ಮ ಆಗಲೇ ಜಾಗ ನೋಡಿಟ್ಟಿದ್ದಾರೆ.