ಪುತ್ತರಿಗೆ ಪೇಂಟ್ ಬೇಡ, ಮೊದಲು ಚರಂಡಿ ನೋಡೋಣ

ಮೇಲಿನ ಸಾಲು, ಕೊನೆ ಮನೆ
ಎಲ್ಲರಿಗೂ ನಮಸ್ಕಾರ. ಕಾವೇರಿ ಸಂಕ್ರಮಣ ಮುಗಿದ ಮೇಲೆ ಗುಂಪಲ್ಲಿ ಪೇಂಟರ್ ನಂಬರ್ ಕೇಳೋದು ಶುರುವಾಗಿದೆ. ಸುಗ್ಗಿ ಹಬ್ಬ ಪುತ್ತರಿಗೆ ಮನೆ ಚೆಂದ ಕಾಣಬೇಕು ಅನ್ನೋದು ಸರಿ, ಆದರೆ ಹೊರಗಿನ ಗೋಡೆಗೆ ಈಗಲೇ ಬಣ್ಣ ಹೊಡೆಸಬೇಡಿ, ಜನವರಿವರೆಗೆ ಕಾಯೋಣ. ಮಡಿಕೇರಿಯಲ್ಲಿ ಜೂನ್‌ನಿಂದ ನೆನೆದ ಗೋಡೆ ಮುಟ್ಟಿದರೆ ಒಣಗಿದ ಹಾಗಿರುತ್ತೆ, ಒಳಗೆ ಇನ್ನೂ ನೀರು ಹಿಡಿದಿರುತ್ತೆ. ಅದರ ಮೇಲೆ ಎಮಲ್ಷನ್ ಬಳಿದರೆ ಬಿಸಿಲು ಬಿದ್ದಾಗ ಆ ತೇವ ಆವಿಯಾಗಿ ಪೇಂಟನ್ನೇ ಎಬ್ಬಿಸುತ್ತೆ. ಮೊದಲು ಗುಳ್ಳೆ, ಆಮೇಲೆ ಸಿಪ್ಪೆ.

ನಮ್ಮ ಎರಡೂ ಸಾಲಿನ ಮನೆಗಳನ್ನ ನೋಡಿಕೊಂಡು ಬಂದೆ. ಪೇಂಟ್ ಎಲ್ಲಿ ಎದ್ದಿದೆ ಅನ್ನೋದರಲ್ಲೇ ಕಾರಣ ಗೊತ್ತಾಗುತ್ತೆ. ಕೆಳಗಿನ ಸಾಲಿನಲ್ಲಿ ಗಾಳಿ ಮಳೆ ಬಡಿಯೋ ಪಶ್ಚಿಮದ ಗೋಡೆ, ಅದೂ ಪ್ಯಾರಪೆಟ್ ಬಿರುಕಿನ ಕೆಳಗೆ. ಮೇಲಿನ ಸಾಲಿನಲ್ಲಿ ಹಿಂದಿನ ಗೋಡೆಯ ಬುಡ, ಬಿಳಿ ಉಪ್ಪಿನ ಪುಡಿ ಸಮೇತ. ಬರೆಯಿಂದ, ಅಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ದಿಬ್ಬದಿಂದ, ಜಿನುಗೋ ನೀರು ಹಿಂದಿನ ಚರಂಡಿಯಲ್ಲಿ ಹೂಳಿಗೆ ಸಿಕ್ಕಿ ನಿಂತು ಬುನಾದಿಗೆ ಇಳೀತಿದೆ. ಚರಂಡಿ ಇಡೀ ಸಾಲಿನದ್ದು. ಒಂದು ಮನೆಯವರು ಖರ್ಚು ಮಾಡಿದರೆ ಇದು ನಿಲ್ಲಲ್ಲ.

ತಿರುವಿನ ಮನೆ
ನಾವು ಕಳೆದ ಬೇಸಿಗೆಯಲ್ಲೇ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದು. ಹಿಂದಿನ ಗೋಡೆ ಮತ್ತೆ ಎದ್ದಿದೆ. ಇನ್ನೂ ಒಳ್ಳೆ ಕಂಪನಿದು ತಗೋಬೇಕಿತ್ತಾ?

ಮೇಲಿನ ಸಾಲು, ಕೊನೆ ಮನೆ
ಕಂಪನಿ ಪ್ರಶ್ನೆ ಅಲ್ಲ. ಆ ಪೇಂಟ್ ಹೊರಗಿಂದ ಬಡಿಯೋ ಮಳೆಗೆ. ನಿಮ್ಮಲ್ಲಿ ನೀರು ಬುನಾದಿಯಿಂದ ಏರ್ತಿದೆ. ಅದರ ಜೊತೆ ಬಂದ ಉಪ್ಪು ಪೇಂಟ್ ಹಿಂದೆ ಹರಳುಗಟ್ಟಿ ತಳ್ಳುತ್ತೆ, ಪೇಂಟ್ ಎಷ್ಟು ದಪ್ಪ ಇದ್ದರೂ ಬಿಡಲ್ಲ. ಚರಂಡಿ ಸರಿಯಾದ ಮೇಲೆ ಸಡಿಲ ಪೇಂಟ್, ಪುಟ್ಟಿ ಪೂರ್ತಿ ಕೆರೆಸಿ, ಉಪ್ಪನ್ನು ಒಣ ಬ್ರಷ್‌ನಲ್ಲೇ ಉದುರಿಸಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆ ಒಳಗೇ ಹೋಗುತ್ತೆ. ಗಾರೆ ಉದುರ್ತಿದ್ದರೆ ಹೊಸದಾಗಿ ಹಾಕಿಸಿ, 28 ದಿನ ಆದ ಮೇಲೇ ಪ್ರೈಮರ್. ನನ್ನ ಕೇಳಿದರೆ ಆ ಬುಡಕ್ಕೆ ಸುಣ್ಣವೇ ಒಳ್ಳೇದು. ಸುಣ್ಣ ತೇವವನ್ನು ಹೊರಗೆ ಬಿಡುತ್ತೆ, ಹಳೇ ಮನೆಗಳ ಗೋಡೆ ಉಳಿದಿದ್ದೂ ಹಾಗೇ.

ಕೆಳಗಿನ ಸಾಲು, ಹಸಿರು ಗೇಟ್
ನಮ್ಮಲ್ಲಿ ಡಿಸೆಂಬರ್‌ನಲ್ಲಿ ಮದುವೆ ಇದೆ. ಕಾಯೋಕೆ ಆಗಲ್ಲ.

ಮೇಲಿನ ಸಾಲು, ಕೊನೆ ಮನೆ
ಒಳಗಿನ ಒಣ ಗೋಡೆಗಳಿಗೆ ಮಾತ್ರ ಹೊಡೆಸಿ. ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆದು ನೋಡಿ. ಗೋಡೆ ಕಡೆ ಹನಿ ಕಟ್ಟಿದ್ದರೆ ಪೇಂಟ್ ಡಬ್ಬ ತೆಗೆಯಬೇಡಿ. ಹೊರ ಮೈಯಲ್ಲಿ ಹನಿ ಇದ್ದರೆ ಅದು ಮಂಜಿನದ್ದು. ಹೊರಗೆ ಸದ್ಯಕ್ಕೆ ಪಾಚಿ ತೊಳೆಸಿ, ಸಡಿಲ ಸಿಪ್ಪೆ ತೆಗೆಸಿದರೆ ನೋಡೋಕೆ ಅಷ್ಟು ಕೆಟ್ಟದಾಗಿ ಕಾಣಲ್ಲ.

ಮೇಲಿನ ಸಾಲು, ಮೊದಲ ಮನೆ
ಕಿಟಕಿಯ ಹಳೇ ಎಣ್ಣೆ ಪೇಂಟ್ ಸಿಪ್ಪೆಯನ್ನ ಮಗು ಕಿತ್ತು ಬಾಯಿಗೆ ಹಾಕ್ತದೆ. ನಾವೇ ಉಜ್ಜಿ ತೆಗೀಬಹುದಾ?

ಕೆಳಗಿನ ಸಾಲು, ನಿವೃತ್ತ ಮೇಷ್ಟ್ರು
ದಯವಿಟ್ಟು ಒಣದಾಗಿ ಉಜ್ಜಬೇಡಿ. ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇದರಲ್ಲಿ ಸೀಸ ಇರಬಹುದು. ಮಗುವನ್ನ ದೂರ ಇಟ್ಟು, ಮಾಸ್ಕ್ ಹಾಕಿ, ನೀರು ಚಿಮುಕಿಸಿ ಕೆರೆಯಿರಿ. ಸಿಪ್ಪೆಯನ್ನ ಕಾಗದದ ಮೇಲೆ ಹಿಡೀರಿ, ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಗುವಿನ ವಿಷಯ ಡಾಕ್ಟರ್ ಹತ್ತಿರ ಹೇಳಿ, ರಕ್ತ ಪರೀಕ್ಷೆಯಲ್ಲಿ ಸೀಸ ತಿಳಿಯುತ್ತೆ.

ತಿರುವಿನ ಮನೆ
ಜನವರಿ ಅಂದ್ರೆ ಕಾಫಿ ಕುಯ್ಲು. ಜನ ಎಲ್ಲಿ ಸಿಕ್ತಾರೆ?

ಮೇಲಿನ ಸಾಲು, ಕೊನೆ ಮನೆ
ಅದಕ್ಕೇ ಈಗಲೇ ಮಾತಾಡಿ ಇಡೋಣ ಅಂತಿರೋದು. ಎರಡೂ ಸಾಲಿಗೆ ಒಂದೇ ತಂಡ, ಒಂದೇ ಸಾರುವೆ. ಒಟ್ಟಿಗೆ ಕೆಲಸ ಇದೆ ಅಂದರೆ ಅವರೂ ಬರ್ತಾರೆ. ಕಾಫಿ ಹೂ ಅರಳಿಸೋ ಹೂಮಳೆಗೆ ಮೊದಲು ಮುಗೀಬೇಕು. ಪ್ಯಾರಪೆಟ್ ಬಿರುಕನ್ನ ಅಗಲಿಸಿ ತುಂಬೋದು, ಸಜ್ಜೆ ಅಡಿಯಲ್ಲಿ ನೀರು ತೊಟ್ಟಿಕ್ಕೋ ಗೀರು ಮಾಡಿಸೋದು ಪೇಂಟಿಗಿಂತ ಮೊದಲು ಅಂತ ಲೆಕ್ಕದಲ್ಲೇ ಬರೆಸೋಣ.

ಭಾನುವಾರ ಬೆಳಿಗ್ಗೆ ಚರಂಡಿ ಹೂಳು ತೆಗೆಯೋಣ. ಬರೆಯ ಬುಡಕ್ಕೆ ಮಾತ್ರ ಯಾರೂ ಗುದ್ದಲಿ ಹಾಕಬೇಡಿ. 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದ ಊರು ನಮ್ಮದು. ಚರಂಡಿ ಒಡೆದ ಜಾಗದ ಫೋಟೋ ತೆಗೆದು ಎಲ್ಲರ ಸಹಿ ಹಾಕಿ ನಗರಸಭೆಗೆ ಅರ್ಜಿ ಕೊಡೋಣ.

ಕೆಳಗಿನ ಸಾಲು, ಹಸಿರು ಗೇಟ್
ನಾವಿಬ್ಬರು ಬರ್ತೀವಿ. ಗುದ್ದಲಿ ಇದೆ, ಮಂಕರಿ ಯಾರಾದರೂ ತನ್ನಿ.