ಟೊರೆಂಟ್‌ಗೆ ಜಾಗ ಮೊದಲೇ ಕಾದಿರಿಸಬೇಕಾ, ಬೇಡವಾ? ಹಾರ್ಡ್ ಡಿಸ್ಕ್ ಒಂದೇ ಸಮ ಗರಗರ ಅನ್ನುತ್ತಿದೆ

ಮಲೆನಾಡ್_ಮಂಜ:
ಕಿವಿಕ್ಸ್‌ನ (ನೆಟ್ ಇಲ್ಲದೆ ವಿಕಿಪೀಡಿಯ ಓದುವ ಪ್ರೋಗ್ರಾಮ್) ಇಂಗ್ಲಿಷ್ ವಿಕಿಪೀಡಿಯ ಫೈಲನ್ನು ಟೊರೆಂಟ್‌ನಲ್ಲಿ ಇಳಿಸುತ್ತಿದ್ದೇನೆ, ಚಿತ್ರಗಳ ಸಮೇತ ಇರುವ ದೊಡ್ಡದು, ಹೆಚ್ಚುಕಮ್ಮಿ 100 ಜಿಬಿ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಅದಕ್ಕೇ ಒಂದು ಪ್ರತಿ ಮನೆಯಲ್ಲಿರಲಿ ಅಂತ. ವಿಂಡೋಸ್ 10, ಟೊರೆಂಟ್ ಪ್ರೋಗ್ರಾಮ್ ಕ್ಯೂಬಿಟ್‌ಟೊರೆಂಟ್, ಯುಎಸ್‌ಬಿಗೆ ಚುಚ್ಚಿದ 2 ಟಿಬಿ ಹಾರ್ಡ್ ಡಿಸ್ಕ್, ಫಾರ್ಮ್ಯಾಟ್ ವಿಂಡೋಸ್‌ನದೇ ಎನ್‌ಟಿಎಫ್‌ಎಸ್.

ಸೆಟ್ಟಿಂಗ್ಸ್‌ನಲ್ಲಿ 'ಪ್ರೀ-ಅಲೊಕೇಟ್ ಡಿಸ್ಕ್ ಸ್ಪೇಸ್' ಅಂತ ಒಂದು ಟಿಕ್ ಇದೆಯಲ್ಲ, ಅದರದ್ದೇ ತಲೆನೋವು. ಟಿಕ್ ಹಾಕದೆ ಶುರು ಮಾಡಿದರೂ ಸ್ವಲ್ಪ ಹೊತ್ತಿಗೇ ಫೈಲ್ ಸೈಜ್ ಪೂರ್ತಿ ತೋರಿಸುತ್ತದೆ, ಹಾಗಾದರೆ ಟಿಕ್ ಯಾಕೆ? ಟಿಕ್ ಹಾಕಿದರೆ ಡಿಸ್ಕ್ ಲೈಟು ಆರುವುದೇ ಇಲ್ಲ, ಡೌನ್‌ಲೋಡ್ ಸೊನ್ನೆಗೆ ಇಳಿದು ಕೂತುಬಿಡುತ್ತದೆ. ನಿಲ್ಲಿಸಿಬಿಟ್ಟೆ. ಫೈಲ್ ಫ್ರಾಗ್ಮೆಂಟ್ ಆಗಬಾರದು (ಡಿಸ್ಕ್ ತುಂಬಾ ಚೂರುಚೂರಾಗಿ ಹರಡಬಾರದು), ಡಿಸ್ಕೂ ಒದ್ದಾಡಬಾರದು. ದಾರಿ ಇದೆಯಾ?

ಬೈಟೂ_ಕಾಫಿ:
ಮಂಜಣ್ಣ, ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. 'ಸೈಜ್' ಅಂತ ಒಂದು ಸಾಲು, 'ಸೈಜ್ ಆನ್ ಡಿಸ್ಕ್' ಅಂತ ಇನ್ನೊಂದು. ಟಿಕ್ ಇಲ್ಲದಿದ್ದಾಗ ಮೊದಲನೆಯದು 100 ಜಿಬಿ ಇರುತ್ತದೆ, ಎರಡನೆಯದು ಅಷ್ಟರವರೆಗೆ ಇಳಿದದ್ದು ಮಾತ್ರ. ಇದು ಸ್ಪಾರ್ಸ್ ಫೈಲ್. ಅಳತೆ ಬರೆದುಕೊಂಡಿದೆ, ಜಾಗ ಹಿಡಿದಿಲ್ಲ. ಟಿಕ್ ಹಾಕಿದರೆ ಮಾತ್ರ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ, ಜಾಗ ನಿಜವಾಗಿ ನಿಮ್ಮದು.

ಸ್ಪಾರ್ಸ್ ಫೈಲ್ ಚೂರುಚೂರಾಗುವುದಕ್ಕೆ ಕಾರಣ ಟೊರೆಂಟ್ ಇಳಿಯುವ ಕ್ರಮ. ಟೊರೆಂಟ್ ಫೈಲನ್ನು ತುಂಡುತುಂಡಾಗಿ ಬೇರೆ ಬಳಕೆದಾರರಿಂದ ತರುತ್ತದೆ, ಯಾವ ತುಂಡು ಕಡಿಮೆ ಜನರ ಹತ್ತಿರ ಇದೆಯೋ ಅದನ್ನು ಮೊದಲು, ಅಂದರೆ ಸಾವಿರದ ತುಂಡು ಮೊದಲು, ಆಮೇಲೆ ಮೂರನೆಯದು, ಆಮೇಲೆ ಇನ್ನೆಲ್ಲಿಯದೋ. ಬಂದ ಹಾಗೆ ಡಿಸ್ಕ್ ಜಾಗ ಕೊಡುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ಬೇರೆ ಟೊರೆಂಟೂ ಓಡುತ್ತಿದ್ದರೆ ಎರಡರದ್ದೂ ಒಂದರೊಳಗೊಂದು ಕಲಸಿಹೋಗುತ್ತದೆ.

ಎಷ್ಟು ನಷ್ಟ ಅಂತ ಲೆಕ್ಕ ಹಾಕೋಣ. 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಡಿಸ್ಕ್ ಒಂದು ಸುತ್ತು ತಿರುಗುವುದಕ್ಕೇ 11 ಮಿಲಿಸೆಕೆಂಡ್ ಬೇಕು, ಓದುವ ಹೆಡ್ ಸರಿಯುವುದೂ ಸೇರಿ ಒಂದು ನೆಗೆತಕ್ಕೆ 20 ಅಂತ ಇಟ್ಟುಕೊಳ್ಳಿ. 4 ಎಂಬಿ ತುಂಡುಗಳಾದರೆ 100 ಜಿಬಿಗೆ 25,600 ತುಂಡು. ಎಲ್ಲವೂ ಬೇರೆಬೇರೆ ಕಡೆ ಬಿದ್ದರೂ ನೆಗೆತದ ಖರ್ಚು ಎಂಟೂವರೆ ನಿಮಿಷ. ಸಾಲಾಗಿ ಓದಿದರೂ ಸೆಕೆಂಡಿಗೆ 100 ಎಂಬಿಯಂತೆ 17 ನಿಮಿಷ ಬೇಕೇಬೇಕು, ಹಾಗಾಗಿ ಇದೇನು ಪ್ರಳಯ ಅಲ್ಲ. ಆದರೆ ತುಂಡು ಪೂರ್ತಿಯಾಗುವ ಮೊದಲೇ ಚೂರುಪಾರು ಬರೆಯುತ್ತಾ ಹೋದರೆ ಕಥೆಯೇ ಬೇರೆ. ಎನ್‌ಟಿಎಫ್‌ಎಸ್ ಸ್ಪಾರ್ಸ್ ಫೈಲಿಗೆ 64 ಕೆಬಿ ಗುಂಪಿನಲ್ಲಿ ಜಾಗ ಕೊಡುತ್ತದೆ, ಅಷ್ಟಷ್ಟೇ ಚೂರಾದರೆ 16 ಲಕ್ಷ ಚೂರು, ನೆಗೆತಕ್ಕೇ 9 ಗಂಟೆ. ಕಾಗದದ ಮೇಲಿನ ಲೆಕ್ಕ ನಿಜ, ಅಷ್ಟು ಕೆಡುವುದು ಕಮ್ಮಿ. ಆದರೂ ಮೆಮೊರಿಯಲ್ಲಿ ಕೂಡಿಹಾಕಿ ಒಟ್ಟಿಗೆ ಬರೆಯುವುದು ಎಷ್ಟು ಮುಖ್ಯ ಅಂತ ಇದರಿಂದ ಗೊತ್ತಾಗುತ್ತದೆ.

ಸುಲಭದ ದಾರಿ ಬೇಕಾ? ಟೊರೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸೀಕ್ವೆನ್ಶಿಯಲ್ ಡೌನ್‌ಲೋಡ್ ಹಾಕಿ. ಮೊದಲಿಂದ ಕೊನೆಗೆ ಸಾಲಾಗಿ ಇಳಿಯುತ್ತದೆ.

ಕೊಡಗಿನ_ಕರ್ನಲ್:
ಸೀಕ್ವೆನ್ಶಿಯಲ್ ಬೇಡ ಅಂತ ನನ್ನ ಅಭಿಪ್ರಾಯ. ಎಲ್ಲರೂ ಮೊದಲ ತುಂಡಿಂದಲೇ ಶುರು ಮಾಡಿದರೆ ಕೊನೆಯ ತುಂಡುಗಳು ಯಾರ ಹತ್ತಿರವೂ ಉಳಿಯುವುದಿಲ್ಲ. ಸೀಡ್ ಮಾಡುವವರು (ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವವರು) ತುಂಬಾ ಇದ್ದಾಗ ಪರವಾಗಿಲ್ಲ, ಇಬ್ಬರು ಮೂವರೇ ಇರುವ ಟೊರೆಂಟ್‌ನಲ್ಲಿ ಹಾಗೆ ಮಾಡಿದರೆ ಉಳಿದವರಿಗೆ ಕಲ್ಲು ಹಾಕಿದ ಹಾಗೆ.

ಟಿಕ್ ಹಾಕಿದಾಗ ಡಿಸ್ಕ್ ಯಾಕೆ ಒದ್ದಾಡಿತು ಅಂತ ಯಾರೂ ಹೇಳಲಿಲ್ಲ. ಎನ್‌ಟಿಎಫ್‌ಎಸ್ ಪ್ರತಿ ಫೈಲಿಗೂ 'ಇಲ್ಲಿವರೆಗೆ ನಿಜವಾದ ಡೇಟಾ ಇದೆ' ಅಂತ ಒಂದು ಗುರುತು ಇಟ್ಟುಕೊಳ್ಳುತ್ತದೆ. ವ್ಯಾಲಿಡ್ ಡೇಟಾ ಲೆಂತ್ ಅಂತಾರೆ. ಜಾಗ ಕಾದಿರಿಸುವುದು ಕ್ಷಣದ ಕೆಲಸ, ಆದರೆ ಗುರುತು ಸೊನ್ನೆಯಲ್ಲೇ ಇರುತ್ತದೆ. ಈಗ 90ನೇ ಜಿಬಿಯ ತುಂಡು ಮೊದಲು ಬಂತು ಅನ್ನಿ. ಅದನ್ನು ಬರೆಯುವ ಮೊದಲು ವಿಂಡೋಸ್ ಹಿಂದಿನ 90 ಜಿಬಿಗೂ ಸೊನ್ನೆ ತುಂಬಿಸುತ್ತದೆ. ಡೌನ್‌ಲೋಡ್ ನಿಂತದ್ದು ಅದಕ್ಕೇ.

ಸೊನ್ನೆ ತುಂಬದೆ ಗುರುತನ್ನು ಮುಂದಕ್ಕೆ ತಳ್ಳಲು ಪ್ರೋಗ್ರಾಮ್‌ಗಳು ಬಳಸುವ ಒಂದು ಆದೇಶ ವಿಂಡೋಸ್‌ನಲ್ಲಿದೆ, ಸೆಟ್‌ಫೈಲ್‌ವ್ಯಾಲಿಡ್‌ಡೇಟಾ. ಆದರೆ ಅದಕ್ಕೆ ಅಡ್ಮಿನ್ ಮಟ್ಟದ ಹಕ್ಕು ಬೇಕು. ಯಾಕಂದರೆ ಆ ಜಾಗದಲ್ಲಿ ಹಿಂದೆ ಡಿಲೀಟ್ ಮಾಡಿದ ಫೈಲಿನ ಚೂರುಗಳು ಹಾಗೇ ಇರುತ್ತವೆ, ಬೇರೆಯವರ ಬ್ಯಾಂಕ್ ಸ್ಟೇಟ್‌ಮೆಂಟ್ ನಿಮ್ಮ ಫೈಲಿನೊಳಗೆ ಕಾಣಿಸಬಹುದು. ಸುಮ್ನೆ ಇದೊಂದಕ್ಕೋಸ್ಕರ ಟೊರೆಂಟ್ ಪ್ರೋಗ್ರಾಮನ್ನು ಅಡ್ಮಿನ್ ಆಗಿ ಓಡಿಸಬೇಡಿ.

ಲಿನಕ್ಸ್‌ನಲ್ಲಿ ಈ ರಗಳೆ ಇಲ್ಲ. ಅಲ್ಲಿನ ಡಿಸ್ಕ್ ಫಾರ್ಮ್ಯಾಟ್‌ಗಳಾದ ಎಕ್ಸ್‌ಟ್4, ಎಕ್ಸ್‌ಎಫ್‌ಎಸ್ ಎರಡೂ ಫಾಲೊಕೇಟ್ (ಜಾಗ ಕಾದಿರಿಸುವ ಆದೇಶ) ಕೇಳಿದ ತಕ್ಷಣ ಜಾಗ ಕೊಟ್ಟು, 'ಇನ್ನೂ ಬರೆದಿಲ್ಲ' ಅಂತ ಚೀಟಿ ಅಂಟಿಸುತ್ತವೆ. ಓದಿದರೆ ಸೊನ್ನೆಯೇ ಕಾಣುತ್ತದೆ, ಡಿಸ್ಕ್ ಮೇಲೆ ಸೊನ್ನೆ ಬರೆಯುವ ಕೆಲಸವೇ ಇಲ್ಲ. ಅಲ್ಲಿ ಟ್ರಾನ್ಸ್‌ಮಿಷನ್ ಅನ್ನುವ ಟೊರೆಂಟ್ ಪ್ರೋಗ್ರಾಮ್ ಬಳಸುವವರು ಸೆಟ್ಟಿಂಗ್ಸ್ ಫೈಲಿನಲ್ಲಿ ಪ್ರೀಅಲೊಕೇಶನ್ 2 (ಪೂರ್ತಿ ಕಾದಿರಿಸುವುದು) ಅಂತ ಮಾಡಿಕೊಳ್ಳಿ. ಮೊದಲಿಂದ ಇರುವುದು 1, ಅದು ವೇಗದ್ದು. ಎಷ್ಟು ಚೂರಾಗಿದೆ ಅಂತ ಫೈಲ್‌ಫ್ರ್ಯಾಗ್ ಕಮಾಂಡ್ ಹೇಳುತ್ತದೆ.

ಸುಮಾ_ಡೇಟಾ:
ಕರ್ನಲ್ ಸರ್ ಹೇಳಿದ್ದು ಎಕ್ಸ್‌ಟ್4ಗೆ ಸರಿ. ಝಡ್‌ಎಫ್‌ಎಸ್ ಅನ್ನುವ ಇನ್ನೊಂದು ಫಾರ್ಮ್ಯಾಟ್‌ನಲ್ಲಿ ಮೊದಲೇ ಕಾದಿರಿಸಿ ಉಪಯೋಗ ಇಲ್ಲ, ಅದು ಪ್ರತಿ ಸಲ ಬರೆಯುವಾಗಲೂ ಹೊಸ ಜಾಗಕ್ಕೇ ಬರೆಯುತ್ತದೆ.

ನಾನು ಮಾಡುವುದು ಬೇರೆ. ಕ್ಯೂಬಿಟ್‌ಟೊರೆಂಟ್‌ನಲ್ಲಿ ಅರ್ಧ ಇಳಿದ ಟೊರೆಂಟ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿ ಇಡುವ ಆಯ್ಕೆ ಇದೆ. ಆ ಫೋಲ್ಡರ್ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಮೇಲೆ, ಮುಗಿದದ್ದು ಹೋಗುವುದು ಹಾರ್ಡ್ ಡಿಸ್ಕ್‌ಗೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಚೂರಾದರೂ ಲೆಕ್ಕಕ್ಕಿಲ್ಲ. ಮುಗಿದ ಮೇಲೆ ಹಾರ್ಡ್ ಡಿಸ್ಕ್‌ಗೆ ಕಾಪಿ ಆಗುವಾಗ ಮೊದಲಿಂದ ಕೊನೆಗೆ ಸಾಲಾಗಿ ಬರೆಯುತ್ತದೆ. ಟಿಕ್ ಹಾಕುವ ಅಗತ್ಯವೇ ಬರುವುದಿಲ್ಲ. ಒಂದು ವಿಷಯ ನೆನಪಿರಲಿ, ಎರಡೂ ಫೋಲ್ಡರ್ ಒಂದೇ ಡ್ರೈವ್‌ನಲ್ಲಿದ್ದರೆ ಏನೂ ಲಾಭ ಇಲ್ಲ, ಅಲ್ಲಿ 'ಮೂವ್' ಅಂದರೆ ಬರೀ ಹೆಸರು ಬದಲಾಯಿಸುವುದು.

ಬೈಟೂ_ಕಾಫಿ:
ಎಸ್‌ಎಸ್‌ಡಿ ಸವೆಯುವುದಿಲ್ವಾ ಮೇಡಂ, ಸುಮ್ನೆ ಎರಡು ಸಲ ಬರೆದು?

ಸುಮಾ_ಡೇಟಾ:
1 ಟಿಬಿ ಎಸ್‌ಎಸ್‌ಡಿಗೆ 600 ಟಿಬಿ ಬರೆಯುವ ವಾರಂಟಿ ಸಾಮಾನ್ಯ. ಮಂಜ ಅವರ ವಿಕಿಪೀಡಿಯವನ್ನು 6,000 ಸಲ ಇಳಿಸಬಹುದು. ಅಷ್ಟರಲ್ಲಿ ಅವರ ಊರಿಗೆ ಫೈಬರ್ ಬಂದಿರುತ್ತದೆ :)

ಮಲೆನಾಡ್_ಮಂಜ:
ನನ್ನ ಲ್ಯಾಪ್‌ಟಾಪ್ ಎಸ್‌ಎಸ್‌ಡಿಯಲ್ಲಿ ಖಾಲಿ ಇರುವುದೇ 60 ಜಿಬಿ. ಮತ್ತೆ ಒಬ್ಬ ಸ್ನೇಹಿತ ಡಿಸ್ಕನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡು, ಟಿವಿಗೂ ಆಗುತ್ತೆ ಅಂದ. ಮಾಡಲಾ?

ಕೊಡಗಿನ_ಕರ್ನಲ್:
ಎಕ್ಸ್‌ಫ್ಯಾಟ್ ಬೇಡ. ಅದರಲ್ಲಿ ಸ್ಪಾರ್ಸ್ ಫೈಲೇ ಇಲ್ಲ, ಟಿಕ್ ಹಾಕದಿದ್ದರೂ ಸೊನ್ನೆ ತುಂಬುವ ಕಾಟ ಬರುತ್ತದೆ. ಹಳೆಯ ಫ್ಯಾಟ್32ನಲ್ಲಂತೂ ಒಂದು ಫೈಲ್ 4 ಜಿಬಿ ದಾಟುವುದೇ ಇಲ್ಲ.

60 ಜಿಬಿ ಸಾಲದು ಅಂದರೆ ಹೀಗೆ ಮಾಡಿ. ಎನ್‌ಟಿಎಫ್‌ಎಸ್ ಇರಲಿ, ಈ ಟೊರೆಂಟ್ ಸೇರಿಸುವ ಮೊದಲು ಟಿಕ್ ಹಾಕಿ, ಉಳಿದ ಟೊರೆಂಟ್‌ಗಳನ್ನೆಲ್ಲ ಸದ್ಯಕ್ಕೆ ನಿಲ್ಲಿಸಿ, ಗರಗರ ಅನ್ನಲು ಬಿಡಿ. ಸೊನ್ನೆ ತುಂಬುವುದು ಒಂದೇ ಸಲದ ಕೆಲಸ, ಅದೂ ಸಾಲಾಗಿ ಬರೆಯುವುದು, ನಿಮ್ಮ ಡಿಸ್ಕ್‌ಗೆ ಇಪ್ಪತ್ತು ನಿಮಿಷ, ಜಾಸ್ತಿ ಅಂದರೆ ಅರ್ಧ ಗಂಟೆ. ಮಧ್ಯದಲ್ಲಿ ನಿಲ್ಲಿಸಬೇಡಿ. ಗುರುತು ಕೊನೆಗೆ ಮುಟ್ಟಿತು ಅಂದರೆ ಆಮೇಲೆ ತುಂಡು ಎಲ್ಲಿಂದ ಬಂದರೂ ನೇರ ತನ್ನ ಜಾಗಕ್ಕೆ ಹೋಗುತ್ತದೆ. ಡಿಸ್ಕ್‌ನಲ್ಲಿ ಒಟ್ಟಿಗೆ ಖಾಲಿ ಜಾಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಕಂಠಪೂರ್ತಿ ತುಂಬಿದ ಡಿಸ್ಕ್‌ನಲ್ಲಿ ಮೊದಲೇ ಕಾದಿರಿಸಿದರೂ ಚೂರುಗಳೇ ಸಿಗುವುದು.

ಮಲೆನಾಡ್_ಮಂಜ:
1.3 ಟಿಬಿ ಖಾಲಿ ಇದೆ ಸರ್. ಟಿಕ್ ಹಾಕಿ ಬಿಟ್ಟಿದ್ದೇನೆ, ಈಗ ಗರಗರ ನಡೀತಾ ಇದೆ.